ಹಗ್ಗದ ಎಳೆತಕ್ಕೆ ಉತ್ತರಿಸದವರು

ನೀರಿನಲ್ಲಿ ಮುಳುಗಿದವರನ್ನು ಹುಡುಕುವ ಕೆಲಸದಲ್ಲಿ ಹಗ್ಗವೇ ಭಾಷೆ. ಕೆಳಗಿಳಿಯುವ ಮುಳುಗುತಜ್ಞನ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿಯನ್ನು ದೋಣಿಯಲ್ಲಿರುವ ಒಬ್ಬನು ಕೈಯಲ್ಲೇ ಹಿಡಿದಿರಬೇಕು. ಕೆಳಗಿನಿಂದ ಒಂದು ಎಳೆತ ಬಂದರೆ ‘ಕ್ಷೇಮ’ ಎಂದರ್ಥ. ಬಿಡದೆ ಎಳೆತ ಬಂದರೆ ‘ಮೇಲೆತ್ತಿ’. ಎಳೆತ ಯಾವುದೇ ಇರಲಿ, ಮೇಲಿನವನು ಅದೇ ಬಗೆಯಲ್ಲಿ ಎಳೆದು ಉತ್ತರ ಕೊಡಲೇಬೇಕು. ಪ್ರಶ್ನೆಗೆ ಪೂರ್ಣ ವಾಕ್ಯದಲ್ಲಿ ಉತ್ತರಿಸಿರೆಂದು ತರಗತಿಯಲ್ಲಿ ಮಕ್ಕಳನ್ನು ಗೋಳು ಹೊಯ್ದುಕೊಂಡ ನನಗೆ ಈ ಕಟ್ಟುನಿಟ್ಟು ಬಹಳ ಹಿಡಿಸಿತ್ತು.

ಶಾಲೆಯನ್ನು ಬಿಟ್ಟ ಮೇಲೆ ನಾನು ಆಪ್ತಸಮಾಲೋಚನೆಯನ್ನು ಕಲಿತೆ. ಕಂಕನಾಡಿ ಮಾರುಕಟ್ಟೆಯ ಬಳಿಯ ನನ್ನ ಕೋಣೆಗೆ ಆಂಬುಲೆನ್ಸ್ ಚಾಲಕರು, ಬೆಂಕಿ ಆರಿಸುವವರು, ನದಿಯಿಂದ ಹೆಣ ಎತ್ತುವವರು ಬರುತ್ತಾರೆ. ‘ನಿಮಗೆ ಏನನ್ನಿಸಿತು?’ ಎಂದು ನಾನು ಅವರನ್ನು ಕೇಳುವುದಿಲ್ಲ. ಕೇಳಿದರೆ ‘ಎಂತ ಇಲ್ಲ’ ಎನ್ನುತ್ತಾರೆ. ನಿಮ್ಮ ಕೆಲಸದ ಸಾಮಾನನ್ನು ತನ್ನಿ, ಆ ದಿನ ಮಾಡಿದ್ದನ್ನು ಮೊದಲಿನಿಂದ ಮಾಡಿ ತೋರಿಸಿ ಎನ್ನುತ್ತೇನೆ. ಕೈ ಎಲ್ಲಿ ತಡೆಯುತ್ತದೆಯೋ ಅಲ್ಲಿಂದ ಮಾತು ಶುರುವಾಗುತ್ತದೆ.

ಸ್ವಯಂಸೇವಕರ ರಕ್ಷಣಾ ತಂಡವೊಂದರ ಮುಖ್ಯಸ್ಥರು ತಮ್ಮ ಮುಳುಗುತಜ್ಞನನ್ನು ನನ್ನಲ್ಲಿಗೆ ಕಳುಹಿಸಿದರು. ಗಲ್ಫಿನಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದು ಊರಿಗೆ ಮರಳಿದವರು ಅವರು. ಕಳುಹಿಸುವ ಮೊದಲೇ ಫೋನಿನಲ್ಲಿ ತೀರ್ಪನ್ನೂ ಹೇಳಿದ್ದರು: “ಇವನಿಂದ ಇನ್ನು ಆಗುವುದಿಲ್ಲ ಮೇಡಂ. ನೀವೊಂದು ಮಾತು ಹೇಳಿದರೆ ಸಾಕು, ತಂಡದಿಂದ ತೆಗೆಯಲಿಕ್ಕೆ ನನಗೆ ಸುಲಭ.”

ಆತ ಉಳ್ಳಾಲದವನು. ತಂದೆ, ಅಣ್ಣಂದಿರು ಎಲ್ಲರೂ ಕಡಲಿಗೆ ಹೋಗುವವರು. ಮನೆಮಾತು ತುಳುವಾದರೂ, ನಾನು ಟೀಚರ್ ಆಗಿದ್ದೆನೆಂದು ತಿಳಿದ ಮೇಲೆ ನೆಟ್ಟಗೆ ಕುಳಿತು ಕನ್ನಡದಲ್ಲೇ ಮಾತಾಡಿದ. ತಂದ ಹಗ್ಗವನ್ನು ಮೇಜಿನ ಮೇಲಿಟ್ಟನೇ ಹೊರತು ಮತ್ತೆ ಮುಟ್ಟಲಿಲ್ಲ.

ಕೂಳೂರು ಸೇತುವೆಯ ಕೆಳಗೆ, ನದಿಗೆ ಬಿದ್ದ ಬೈಕ್ ಸವಾರನೊಬ್ಬನನ್ನು ಹುಡುಕಲು ಆತ ಇಳಿದಿದ್ದ. ಹಗ್ಗ ಹಿಡಿಯುವುದು ಯಾವಾಗಲೂ ತಂಡದ ಹಿರಿಯರೊಬ್ಬರ ಕೆಲಸ. ಅಂದು ಟಿ.ವಿ.ಯವರು ಬಂದದ್ದನ್ನು ಕಂಡು ಮುಖ್ಯಸ್ಥರು ಆ ಹಿರಿಯರ ಕೈಯಿಂದ ಹಗ್ಗವನ್ನು ತೆಗೆದುಕೊಂಡರು. ಕ್ಯಾಮೆರಾ ಬೇರೆ ಕಡೆ ತಿರುಗಿದ ಮೇಲೆ ಮುಖ್ಯಸ್ಥರಿಗೊಂದು ಫೋನ್ ಬಂತು. ಹಗ್ಗವನ್ನು ದೋಣಿಯ ಹಲಗೆಗೆ ಸುತ್ತಿ ಮಾತಿಗೆ ನಿಂತರು. ಕೆಳಗೆ ಆತನ ಕಾಲು ಯಾರೋ ಬಿಟ್ಟುಹೋದ ಹಳೆಯ ಬಲೆಗೆ ಸಿಕ್ಕಿತ್ತು.

“ಎಳೆದೆ ಟೀಚರ್. ಎಳೀತಾನೇ ಇದ್ದೆ. ಮೇಲೆ ಜನ ಉಂಟು ಅಂತ ಗೊತ್ತುಂಟು. ಆದ್ರೆ ಹಗ್ಗದಲ್ಲಿ ಯಾರೂ ಇಲ್ಲ.”

ಚಾಕುವಿನಿಂದ ಬಲೆಯನ್ನು ಕೊಯ್ದು ತಾನಾಗಿಯೇ ಮೇಲೆ ಬಂದ. ದೋಣಿಯಲ್ಲಿ ಕುಳಿತು ನಡುಗುತ್ತಿದ್ದವನನ್ನು ತೋರಿಸಿ ಮುಖ್ಯಸ್ಥರು ಎಲ್ಲರಿಗೂ ಕೇಳುವಂತೆ ನಕ್ಕರಂತೆ: “ಎಂತ ಮಾರಾಯ! ಮೀನು ಹಿಡಿಯುವವರ ಮನೆಯವನೇ ಬಲೆಗೆ ಬಿದ್ದನಾ?”

ಆ ಮಾತು ಆತನಿಗಿಂತ ಮೊದಲು ಮನೆಯನ್ನು ಮುಟ್ಟಿತು. ಈಗ ತಂಡದಿಂದಲೂ ಹೊರಬಿದ್ದರೆ, ನೀರಿಗೆ ಹೆದರಿದವನೆಂಬ ಹೆಸರು ಆ ಮನೆಯಲ್ಲಿ ಆತನೊಬ್ಬನಿಗೇ ಉಳಿಯುತ್ತಿತ್ತು.

“ನನಗೆ ಬೇರೆ ಎಂತ ಬೇಡ,” ಎಂದ. “ಅವರಿಗೊಮ್ಮೆ ಗೊತ್ತಾಗ್ಬೇಕು.”

ಸಮಾಲೋಚಕರು ಪಕ್ಷ ವಹಿಸಬಾರದು, ಸೇಡಿನ ಬಯಕೆಯನ್ನು ಮೆಲ್ಲನೆ ಬೇರೆ ದಾರಿಗೆ ತಿರುಗಿಸಬೇಕು ಎಂದು ನಾನು ಕಲಿತದ್ದುಂಟು. ತಿರುಗಿಸಲು ನನಗೆ ಮನಸ್ಸಾಗಲಿಲ್ಲ. ಅದು ನ್ಯಾಯವಾದ ಬಯಕೆಯೆಂದು ಅಂದೂ ಅನ್ನಿಸಿತ್ತು, ಇಂದೂ ಅನ್ನಿಸುತ್ತದೆ.

ಒತ್ತಡ ನಿರ್ವಹಣೆಯ ಬಗ್ಗೆ ತಂಡಕ್ಕೆ ಉಪನ್ಯಾಸ ಕೊಡಬೇಕೆಂದು ಮುಖ್ಯಸ್ಥರೇ ನನ್ನನ್ನು ಹಿಂದೆ ಕೇಳಿದ್ದರು. ಉಪನ್ಯಾಸದ ಬದಲು ಒಂದು ಅಭ್ಯಾಸ ಮಾಡಿಸುತ್ತೇನೆಂದೆ. ಉಳ್ಳಾಲದ ಕಡಲ ದಂಡೆಯಲ್ಲಿ ತಂಡದ ಶೆಡ್ಡಿನ ನೆಲದ ಮೇಲೆ ಬಲೆಗಳನ್ನು ಹರಡಿಸಿದೆ. ಒಬ್ಬರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದು, ಬಲೆಯಡಿಯಲ್ಲಿ ತೆವಳಿ ಆಚೆ ಬರಬೇಕು.

“ನೀವೇ ಮೊದಲಾದರೆ ಉಳಿದವರಿಗೆ ಮಾದರಿ,” ಎಂದು ಮುಖ್ಯಸ್ಥರಿಗೆ ಹೇಳಿದೆ. ಮುಂದೆ ನಿಲ್ಲುವ ಅವಕಾಶವನ್ನು ಬಿಡುವವರಲ್ಲ ಅವರು, ಒಪ್ಪಿಕೊಂಡರು.

ಹಗ್ಗದ ತುದಿಯನ್ನು ನಾನು ಮುಳುಗುತಜ್ಞನ ಮುಂದೆ ಚಾಚಿದೆ. ಕೈ ತುಸು ತಡೆಯಿತು, ಆಮೇಲೆ ಹಿಡಿದ. “ಉತ್ತರ ಕೊಡಬೇಡಿ,” ಎಂದು ಕಿವಿಯಲ್ಲಿ ಹೇಳಿದೆ.

ಮೊದಲು ಒಂದು ಎಳೆತ ಬಂತು. ನಾವು ಸುಮ್ಮನಿದ್ದೆವು. ಇನ್ನೊಂದು ಬಂತು. ಅಷ್ಟರಲ್ಲಿ ಅವರ ಬೆಲ್ಟಿನ ಬಕಲ್ ಬಲೆಗೆ ಸಿಕ್ಕಿಕೊಂಡು, ತಿರುಗಿದಷ್ಟೂ ಬಲೆ ಬಿಗಿಯಿತು. ಎಳೆತಗಳು ಒಂದರ ಮೇಲೊಂದು ಬಂದವು. “ಏಯ್, ಹಗ್ಗದಲ್ಲಿ ಯಾರುಂಟು?” ಎಂದು ಗದರಿದರು. ಯಾರೂ ಉಸಿರೆತ್ತಲಿಲ್ಲ. ಮುಳುಗುತಜ್ಞ ನನ್ನ ಮುಖ ನೋಡಿದ. ನಾನು ಬೇಡವೆಂದು ತಲೆಯಾಡಿಸಿದೆ. ಕೊನೆಗೆ ಗದರಿಕೆ ಹೋಗಿ ತುಳು ಬಂತು: “ಏರ್ಲಾ ಇಜ್ಜೆರಾ?” ಯಾರೂ ಇಲ್ಲವೇ ಎಂದು ಒಬ್ಬ ಮನುಷ್ಯ ನಿಜವಾಗಿ ಕೇಳುವಾಗಿನ ದನಿ ಅದು. ಅದನ್ನು ಕೇಳುವುದಕ್ಕೇ ನಾನು ಅಲ್ಲಿಗೆ ಹೋಗಿದ್ದೆ.

“ನಾನುಂಟು ಸಾರ್,” ಎಂದ ಆತ, ಬಹಳ ವಿನಯದಿಂದ. “ಒಂದು ಫೋನ್ ಬಂದಿತ್ತು.”

ಹಗ್ಗ ಹಿಡಿಯುವ ಹಿರಿಯರು ಮೊದಲು ನಕ್ಕರು. ಆಮೇಲೆ ಇಡೀ ಶೆಡ್ಡು ನಕ್ಕಿತು. ಆತ ಹಗ್ಗವನ್ನು ಎಳೆದು ಉತ್ತರ ಕೊಟ್ಟು, ಹೋಗಿ ಬಲೆಯನ್ನು ಬಿಡಿಸಿದ.

“ಇದು ಎಂತ ಕೌನ್ಸೆಲಿಂಗ್ ಮೇಡಂ?” ಮುಖ್ಯಸ್ಥರ ಮುಖ ಕೆಂಪಾಗಿತ್ತು.

“ನೀವು ನನ್ನ ಅಭಿಪ್ರಾಯ ಕೇಳಿದ್ದಿರಿ,” ಎಂದೆ, ಎಲ್ಲರಿಗೂ ಕೇಳುವಂತೆ. “ಇವರು ನೀರಿಗೆ ಇಳಿಯಬಹುದು. ನೀವು ಹಗ್ಗ ಹಿಡಿಯಬಾರದು.”

ಅದಾದ ಮೇಲೆ ಅವರು ನನ್ನನ್ನು ಕರೆಯಲಿಲ್ಲ. ಕರೆಯದಿದ್ದುದಕ್ಕೆ ನನಗೆ ಬೇಸರವೂ ಇಲ್ಲ. ಆತನನ್ನು ತಂಡದಿಂದ ತೆಗೆಯುವ ಮಾತನ್ನು, ಅಷ್ಟು ಜನ ನಕ್ಕ ಮೇಲೆ, ಅವರು ಎತ್ತಲಾರದೆ ಹೋದರು. ಆತ ಮತ್ತೆ ಇಳಿಯುತ್ತಿದ್ದಾನೆ; ಹಗ್ಗವನ್ನು ಹಿರಿಯರೇ ಹಿಡಿಯುತ್ತಾರೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಆತ ಕಂಕನಾಡಿಗೆ ಬಂದಾಗ, ಸಿಟ್ಟು ಇಳಿಯಿತೇ ಎಂದು ಕೇಳಿದೆ.

“ಇಲ್ಲ ಟೀಚರ್,” ಎಂದ. “ಆದ್ರೆ ಈಗ ಅದು ನನ್ನೊಟ್ಟಿಗೆ ಕೆಳಗೆ ಬರುವುದಿಲ್ಲ. ಮೇಲೆ, ದೋಣಿಯಲ್ಲೇ ಕೂತಿರ್ತದೆ.”

ಇರಲಿ ಬಿಡಿ ಎಂದೆ.