ಮುಳ್ಳು ತೋರಿಸಿದ ಅಂಕಿ

ಹದಿನಾಲ್ಕು ವರ್ಷಗಳ ಹಿಂದೆ, ಜೂನ್ ತಿಂಗಳ ಮೊದಲ ಸೋಮವಾರ, ಮೈಸೂರಿನ ನಮ್ಮ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ, ಕಂಡದ್ದನ್ನು ಕಂಡಂತೆ ಬರೆದ ಒಬ್ಬ ವಿದ್ಯಾರ್ಥಿನಿಯನ್ನು ನಾನು ಫೇಲು ಮಾಡಿದೆ. ಅವರ ಹೆಸರು ಶೋಭಾ. ನಾನು ಆಗ ಮೆಕ್ಯಾನಿಕಲ್ ವಿಭಾಗದ ಪ್ರಾಧ್ಯಾಪಕ, ಈಗಲೂ ಅದೇ.

ಉಕ್ಕಿನ ಸರಳನ್ನು ತುಂಡಾಗುವವರೆಗೆ ಯಂತ್ರದಲ್ಲಿ ಎಳೆದು, ಎಷ್ಟು ಭಾರಕ್ಕೆ ಅದು ಸೋತಿತೆಂದು ಡಯಲಿನ ಮುಳ್ಳು ನೋಡಿ ಬರೆಯುವ ಪರೀಕ್ಷೆ ಅದು. ಬರಬೇಕಾದ ಅಂಕಿ ಯಾವುದೆಂದು ಎಲ್ಲರಿಗೂ ಗೊತ್ತು — ಸೀನಿಯರ್‌ಗಳ ರೆಕಾರ್ಡ್ ಪುಸ್ತಕದಿಂದ ಇಳಿಸಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ನಾನು ಕಣ್ಣು ಹಾಯಿಸಿ ಸಹಿ ಹಾಕುತ್ತಿದ್ದೆ. ಆ ದಿನವೂ ಎಲ್ಲರೂ ಅದನ್ನೇ ಬರೆದರು. ಶೋಭಾ ಮಾತ್ರ ಮುಳ್ಳು ನಿಂತ ಜಾಗ ಬರೆದರು — ಹತ್ತರಲ್ಲಿ ಒಂದು ಪಾಲು ಕಡಿಮೆ.

"ಏನಮ್ಮ, ನಿನ್ನ ಸರಳು ಉಕ್ಕಿಂದೋ, ಬೆಣ್ಣೇದೋ?" ಎಂದೆ. ಸುತ್ತಲಿದ್ದವರು ನಕ್ಕರು.

"ಮುಳ್ಳು ಅಲ್ಲೇ ನಿಂತಿದ್ದು ಸಾರ್. ಇನ್ನೊಂದ್ಸಲ ಎಳ್ದು ನೋಡಿ."

ನೋಡಲಿಲ್ಲ. ಉತ್ತರಪತ್ರಿಕೆಯ ಮೇಲೆ 'ಸುಳ್ಳು ಅಂಕಿ' ಎಂದು ಬರೆದೆ.

ವಾರದ ನಂತರ ಯಂತ್ರದ ತಪಾಸಣೆಗೆ ಬಂದವರು ವರದಿ ಕೊಟ್ಟರು: ಡಯಲ್ ಕಡಿಮೆ ತೋರಿಸುತ್ತಿದೆ. ಪ್ರಯೋಗಾಲಯದ ಸಹಾಯಕ ನಂಜುಂಡಪ್ಪ ಅದನ್ನು ನನ್ನ ಮೇಜಿನ ಮೇಲಿಟ್ಟು, "ಆ ಹುಡ್ಗಿ ಕಂಡಿದ್ನೇ ಬರ್ದವ್ಳೆ ಸಾ. ಎಂಗಾರ ಮಾಡಿ ಪಾಸ್ ಮಾಡ್ಬುಡಿ" ಎಂದರು. ಫಲಿತಾಂಶ ಇನ್ನೂ ಪ್ರಕಟವಾಗಿರಲಿಲ್ಲ. ನನ್ನದೊಂದು ಪತ್ರ ಸಾಕಿತ್ತು. ಆದರೆ ಬರೆದರೆ, ಅದೇ ಕೆಟ್ಟ ಯಂತ್ರದಲ್ಲಿ ಉಳಿದವರಿಗೆಲ್ಲ ಸರಿಯಾದ ಅಂಕಿ ಸಿಕ್ಕಿದ್ದು ಹೇಗೆ, ನಾನು ವರ್ಷಗಟ್ಟಲೆ ಸಹಿ ಹಾಕಿದ್ದು ಯಾವುದಕ್ಕೆ ಎಂಬ ಪ್ರಶ್ನೆ ಏಳುತ್ತಿತ್ತು. ವರದಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಕ್ಯಾಂಪಸ್ ಸಂದರ್ಶನದಲ್ಲಿ ಸಿಕ್ಕಿದ್ದ ಕೆಲಸ ಶೋಭಾರ ಕೈತಪ್ಪಿತು. ಆರು ತಿಂಗಳ ನಂತರ ಮರುಪರೀಕ್ಷೆಗೆ ಬಂದರು. ಯಂತ್ರ ರಿಪೇರಿಯಾಗದೆ ಹಾಗೇ ಇತ್ತು. ಅವರು ಡಯಲಿನ ಕಡೆ ತಿರುಗಿಯೂ ನೋಡದೆ, ಎಲ್ಲರೂ ಬರೆಯುವ ಅಂಕಿ ಬರೆದರು. ನಾನು ಪೂರ್ತಿ ಅಂಕ ಕೊಟ್ಟೆ. ಮೊದಲ ಸಲ ಅವರ ಅಂಕಿಯನ್ನಷ್ಟೇ ಕೆಡಿಸಿದ್ದೆ. ಈ ಸಲ —

ಕಳೆದ ತಿಂಗಳು ಲಷ್ಕರ್ ಮೊಹಲ್ಲಾದಲ್ಲಿ ಅವರು ನಡೆಸುವ ಲೇತ್ ವರ್ಕ್‌ಶಾಪಿಗೆ ಹೋಗಿ, ಬೀರುವಿನ ವರದಿಯ ಸಮೇತ ಎಲ್ಲ ಹೇಳಿದೆ. ಅವರು ಯಂತ್ರ ನಿಲ್ಲಿಸಿ ಕೇಳಿಸಿಕೊಂಡರು.

"ನನ್ ಹತ್ರ ಬಾಯಲ್ಲಿ ಹೇಳಿದ್ರೆ ಏನ್ ಬಂತು ಸಾರ್? ಸುಳ್ಳು ಅಂತ ಬರ್ದು ಇಟ್ಟಿದ್ದೀರಲ್ಲ. ಇದನ್ನೂ ಬರ್ದೇ ಕೊಡಿ."

ಬರೆದೆ. "ನಿವೃತ್ತಿಗೆ ಎಂಟು ತಿಂಗಳಿದೆ, ಈಗ್ಯಾಕೆ ಕೆದಕ್ತೀರಿ ಸಾರ್?" ಎಂದು ವಿಭಾಗದ ಮುಖ್ಯಸ್ಥರು ಪತ್ರ ಹಿಂದಿರುಗಿಸಿದರು. ಮರುದಿನ ನಾನೇ ಪರೀಕ್ಷಾ ವಿಭಾಗಕ್ಕೆ ಹೋಗಿ ಕೊಟ್ಟು, ಸ್ವೀಕೃತಿ ಪಡೆದೆ. ಪತ್ರದಲ್ಲಿ ಕೇಳಿದ್ದು ಇಷ್ಟೇ: 'ಸುಳ್ಳು ಅಂಕಿ' ಎಂಬ ನನ್ನ ಷರಾ ತೆಗೆಯಬೇಕು. ತಪ್ಪು ನನ್ನದೆಂದು ದಾಖಲಾಗಬೇಕು. ಶಿಕ್ಷೆ ಏನಾದರೂ ಆಗಲಿ, ಪತ್ರವನ್ನು ಹಿಂತೆಗೆದುಕೊಳ್ಳುವುದಿಲ್ಲ.

ನಿನ್ನೆ ನೋಟಿಸ್ ಬಂದಿದೆ. ವಿಚಾರಣೆ ಬರುವ ಗುರುವಾರ ಹನ್ನೊಂದು ಗಂಟೆಗೆ. ಶೋಭಾ ಅವರಿಗೂ ನೋಟಿಸ್ ಹೋಗಿದೆ. ಬರುತ್ತಾರೋ ಇಲ್ಲವೋ ಎಂದು ಅವರು ಇನ್ನೂ ತಿಳಿಸಿಲ್ಲ.