ಫ್ಯಾನಿನಲ್ಲಿ ಸಿಕ್ಕಿದ್ದ ಹೂವಿನ ದಾರ

ನಮ್ಮ ಮನೆಯವರ ಕಂಪ್ಯೂಟರ್ ತಾನಾಗಿ ಸುಡಲಿಲ್ಲ. ನಾನು ಸುಡಲು ಬಿಟ್ಟೆ. ಅದರೊಳಗಿನ ಫ್ಯಾನ್ ನಿಂತಿದೆ ಎಂದು ಕಣ್ಣಾರೆ ಕಂಡೆ, ಕಂಡೂ ಅದಕ್ಕೆ ಇನ್ನಷ್ಟು ಕೆಲಸ ಹಚ್ಚಿದೆ, ಹಚ್ಚಿ ಚಹಾ ಮಾಡಲು ಒಳಗೆ ಹೋದೆ. ಆಮೇಲೆ ಅವರು ಕೇಳಿದಾಗ ಸುಳ್ಳು ಹೇಳಿದೆ. ಒಂದೇ ಮಾತಿನ ಸುಳ್ಳು — ಆದರೆ ಆ ಒಂದು ಮಾತು ಒಬ್ಬ ಮನುಷ್ಯನ ಕೈಗುಣವನ್ನೇ ತಿಂದು ಹಾಕಿತು. ಆ ಕೈಗಳು ಕೆಲಸ ಬಿಟ್ಟು ಸುಮ್ಮನೆ ಕೂತದ್ದನ್ನು ನೋಡುತ್ತಲೇ ಇಷ್ಟು ವರ್ಷ ಅವರಿಗೆ ಊಟ ಬಡಿಸಿದ್ದೇನೆ.

ಬಸವಕಲ್ಯಾಣದಲ್ಲಿ ನಮ್ಮದೊಂದು ಸಣ್ಣ ಫೋಟೊ ಸ್ಟುಡಿಯೊ. ಮುಂದೆ ಅಂಗಡಿ, ಹಿಂದೆ ಮನೆ. ಫೋಟೊ ತೆಗೆಯುವುದು ಅವರ ಕೆಲಸ, ತೆಗೆದದ್ದನ್ನು ಅಲ್ಬಮ್ಮಿಗೆ ಜೋಡಿಸುವುದು ನನ್ನದು. ಅಂದರೆ ಲಗ್ನದ ಮನೆಯಲ್ಲಿ ಹೋಳಿಗೆ ತಿಂದು ಬರುವವರು ಅವರು, ಕಂಪ್ಯೂಟರಿನ ಮುಂದೆ ಹಲ್ಲು ಕಡಿಯುತ್ತ ಕೂರುವವಳು ನಾನು.

ಆ ಕಂಪ್ಯೂಟರನ್ನು ಅವರು ನಮ್ಮ ಲಗ್ನಕ್ಕೂ ಮುಂಚೆ ತಾವೇ ಕಟ್ಟಿದ್ದರು. ಹೈದರಾಬಾದಿನಿಂದ ಒಂದೊಂದೇ ಸಾಮಾನು ತಂದು, ಮದರ್‌ಬೋರ್ಡನ್ನು ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು — ಈ ಕಥೆಯನ್ನು ಅವರ ಬಾಯಿಂದ ಕೇಳಿದಷ್ಟು ಸಲ ನನ್ನ ಹೆಸರನ್ನೂ ಕೇಳಿಲ್ಲ. ಕಟ್ಟಿ ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ತಕರಾರಿರಲಿಲ್ಲ. ಇಷ್ಟು ವೇಗಕ್ಕೆ ಓಡಿಸಿರಿ ಎಂದು ಕಂಪನಿಯವರು ಹೇಳಿ ಕಳಿಸಿದ ಪ್ರೊಸೆಸರನ್ನು ಇವರು ಅದಕ್ಕಿಂತ ಜೋರಾಗಿ ಓಡಿಸುತ್ತಿದ್ದರು. ಅದಕ್ಕೆ ಓವರ್‌ಕ್ಲಾಕ್ ಎಂದು ಹೆಸರು. ಹರೆಯದಲ್ಲಿ ಅದು ಓಡಿರಬಹುದು. ನಾನು ಬರುವ ಹೊತ್ತಿಗೆ ಅದು ಮುದಿ ಎತ್ತು, ಇವರಿನ್ನೂ ಅದನ್ನು ಶರ್ಯತ್ತಿಗೆ ಕಟ್ಟುವವರು.

ಬೇಸಿಗೆ ಬಂತೆಂದರೆ ಮನೆಯ ಟೇಬಲ್ ಫ್ಯಾನ್ ಅದರ ಪಾಲು. ಡಬ್ಬಿಯ ಪಕ್ಕದ ತಗಡು ತೆಗೆದಿಟ್ಟು ಅದರ ಹೊಟ್ಟೆಗೆ ಗಾಳಿ ಬೀಸಬೇಕು, ನಾನು ಸೆರಗಿನಿಂದ ಬೀಸಿಕೊಳ್ಳಬೇಕು. ಅಷ್ಟಾದರೂ ಹ್ಯಾಂಗ್. ಅಲ್ಬಮ್ಮಿನ ಪುಟ ಇನ್ನೇನು ಮುಗಿಯಿತು ಎನ್ನುವಾಗ ಪರದೆ ನೀಲಿ. ಒಂದೊಂದು ಫೋಟೊ ಇಟ್ಟ ಮೇಲೂ ಸೇವ್ ಮಾಡಿ ಮಾಡಿ ನನ್ನ ಬೆರಳಿಗೆ ಅದು ಜಪವಾಗಿ ಹೋಗಿತ್ತು. ಕೊಹಿನೂರು ಹಳ್ಳಿಯಿಂದ ಬಂದ ಮದುಮಗಳ ತಂದೆಯೊಬ್ಬರು ಮೂರನೆಯ ಸಲ ಬರಿಗೈಯಲ್ಲಿ ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು —

“ಅಕ್ಕಾರ, ಲಗ್ನದ ಅಲ್ಬಮ್ ಕೂಸಿನ ತೊಟ್ಟಿಲದಾಗರ ಇಡ್ತೀರೋ ಇಲ್ಲೋ?”

ಅಂಗಡಿಯಲ್ಲಿ ಇದ್ದವರೆಲ್ಲ ನಕ್ಕರು. ಇವರೂ ನಕ್ಕರು! ನನಗೆ ಮೈಯೆಲ್ಲ ಉರಿಯಿತು.

ಹುಮನಾಬಾದಿನ ಮಗ್ಗುಲಲ್ಲೇ ಇರುವ ಮಾಣಿಕನಗರದಲ್ಲಿ ಇವರ ಗೆಳೆಯ ಮಾಣಿಕಪ್ಪನವರದು ಕಂಪ್ಯೂಟರ್ ಅಂಗಡಿ. ಏನಾದರೂ ಕೆಟ್ಟರೆ ಇವರು ಅದನ್ನು ಟಾವೆಲಿನಲ್ಲಿ ಸುತ್ತಿಕೊಂಡು ಬಸ್ ಹತ್ತುತ್ತಿದ್ದರು. ಮೊದಲು ಹಾರ್ಡ್ ಡಿಸ್ಕ್ ಬದಲಾಯಿತು, ಆಮೇಲೆ ಪವರ್ ಸಪ್ಲೈ, ಆಮೇಲೆ ರ‍್ಯಾಮ್. “ವೈನಿ, ಇನ್ನ ಇದರಾಗ ಸುಧಾರಿಸೂದು ಏನೂ ಉಳದಿಲ್ರಿ, ಒಂದು ಹೊಸಾದು ಕಟ್ಟಿಸಿಬಿಡ್ರಿ” ಎಂದು ಮಾಣಿಕಪ್ಪನವರು ನನ್ನೆದುರಿಗೇ ಎಷ್ಟು ಸಲ ಹೇಳಿರಬಹುದು. ಇವರ ಉತ್ತರ ಒಂದೇ.

“ಹೊಸಾದು ತಂದ್ರ ಅದು ಅಂಗಡಿಯಾಂವ ಮಾಡಿದ್ದು. ಇದು ನಾ ಮಾಡಿದ್ದು.”

ಮನುಷ್ಯ ಹಟಮಾರಿಯಾಗಿದ್ದರೆ ಜಗಳ ಆಡಬಹುದು. ಪ್ರೀತಿಯಲ್ಲಿ ಹಟ ಮಾಡುವವರ ಜೊತೆ… ಹಾಗೆಂದು ಸುಮ್ಮನಿದ್ದೆನೇ? ಇಲ್ಲ. ದಿನಾ ಜಗಳವಾಡಿದೆ.

ಒಂದು ಮಾತು ಹೇಳಲೇಬೇಕು. ಅವರ ಕೈ ಬರೀ ಆ ಡಬ್ಬಿಯ ಮೇಲಿರಲಿಲ್ಲ. ಓಣಿಯ ಮಿಕ್ಸರ್, ಇಸ್ತ್ರಿ ಪೆಟ್ಟಿಗೆ, ಅಜ್ಜಂದಿರ ರೇಡಿಯೊ — ಎಲ್ಲ ನಮ್ಮ ಕಟ್ಟೆಗೇ ಬರುತ್ತಿದ್ದವು. ಇವರು ಬಾಯಲ್ಲಿ ಸ್ಕ್ರೂ ಹಿಡಿದುಕೊಂಡು, ಮೂಗಿನಲ್ಲೇ ಏನೋ ಗುನುಗುತ್ತ, ಬಿಚ್ಚಿ ಕೂತುಬಿಡುತ್ತಿದ್ದರು. “ಅವರ ಕೈಗುಣ ಛಲೋ ಅದ” ಎಂದು ಎಲ್ಲರೂ ಅನ್ನುತ್ತಿದ್ದರು. ನನಗೆ ಆಗ ಅದೂ ಒಂದು ಕಿರಿಕಿರಿ. ಆ ಗುನುಗು ಈಗ ಕೇಳಿಸಿದರೆ — ಇರಲಿ.

ಮಹಾನವಮಿಗೆ ನಮ್ಮಲ್ಲಿ ಖಂಡೆ ಪೂಜೆ. ಕ್ಯಾಮೆರಾ, ಲೈಟು, ಕಂಪ್ಯೂಟರ್, ನನ್ನ ಕತ್ತರಿ ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಆ ದಿನ ಯಾವುದಕ್ಕೂ ಕೈ ಹಚ್ಚುವುದಿಲ್ಲ, ಎಲ್ಲದಕ್ಕೂ ವಿಶ್ರಾಂತಿ. ಮರುದಿನ ದಸರೆಯ ಮುಂಜಾನೆ ಹಾರ ತೆಗೆದು ಮತ್ತೆ ಚಾಲೂ ಮಾಡುವುದು. ಆ ವರ್ಷವೂ ಹಾರ ಕಟ್ಟಿದವಳು ನಾನು, ತೆಗೆದವಳೂ ನಾನು. ತೆಗೆಯುವಾಗ ನಮ್ಮಿಬ್ಬರ ಜಗಳ ನಡೆದಿತ್ತು, ಹೊಸದು, ಹಳೆಯದು, ಅದೇ ಪುರಾಣ. ಸಿಟ್ಟಿನಲ್ಲಿ ಜಗ್ಗಿದೆ. ಹಾರ ಹರಿದು ಹೂವೆಲ್ಲ ಮೇಜಿನ ಮೇಲೆ ಚೆಲ್ಲಿತು. ಹೂವು ಆರಿಸಿಕೊಂಡೆ, ದಾರದ ಕಡೆ ನೋಡಲಿಲ್ಲ. ಇಲ್ಲಿಯತನಕ ಆದದ್ದು ಮಾತ್ರ ತಿಳಿಯದೆ ಆದದ್ದು.

ಅವರು ಕಂಪ್ಯೂಟರ್ ಚಾಲೂ ಮಾಡಿ, ಕೀಲಿಮಣೆಯ ಮೇಲೆ ಬಗ್ಗಿ, ಏನೇನೋ ಬದಲಾಯಿಸಿದರು.

“ಇವತ್ತ ವಿಜಯದಶಮಿ. ಸ್ಪೀಡ್ ಇನ್ನೊಂದು ಪಾವಟಿಗಿ ಮ್ಯಾಲ ಏರಸೇನಿ. ಇನ್ನರ ನಿಧಾನ ಅದ ಅಂತ ಗೊಣಗಬ್ಯಾಡ” ಎಂದರು. ಹೊಸ ಅಂಗಿ ಹಾಕಿಕೊಂಡು, ಹಿರಿಯರಿಗೆ ಬನ್ನಿ ಎಲೆ ಕೊಟ್ಟು ಬರಲು ಹೊರಟರು.

ಬೇಸಿಗೆಯಲ್ಲಿ ತೆಗೆದ ತಗಡನ್ನು ಇವರು ಮತ್ತೆ ಹಾಕಿರಲೇ ಇಲ್ಲ, ಆ ತೆರೆದ ಬದಿ ನನ್ನ ಕುರ್ಚಿಯ ಕಡೆಗಿತ್ತು. ನಾನು ಕೂತೆ. ಕೂತು ನೋಡಿದರೆ ಪ್ರೊಸೆಸರ್ ಮೇಲಿನ ಫ್ಯಾನ್ ಅಲ್ಲಾಡುತ್ತಿಲ್ಲ. ಅದರ ರೆಕ್ಕೆಗೆ ಹಳದಿ ದಾರ ಸುತ್ತಿಕೊಂಡಿತ್ತು, ದಾರದಲ್ಲಿ ಎರಡು ಎಸಳು. ಫ್ಯಾನ್ ನಿಂತರೆ ಕಂಪ್ಯೂಟರ್ ತಾನೇ ಕೂಗಿ ಎಚ್ಚರಿಸಬೇಕು. ಆದರೆ ಮುದಿ ಫ್ಯಾನ್ ಚಳಿಗಾಲದಲ್ಲಿ ತಡವಾಗಿ ಎದ್ದು ಸುಮ್ಮಸುಮ್ಮನೆ ಕೂಗಿಸುತ್ತದೆ ಎಂದು ಆ ಎಚ್ಚರಿಕೆಯನ್ನು ಇವರೇ ಬಂದ್ ಮಾಡಿದ್ದರು. ಕೂಗಬೇಕಾದವಳು ಇನ್ನು ನಾನೊಬ್ಬಳೇ.

ಅವರು ಹೊರಗೆ ಚಪ್ಪಲಿ ಮೆಟ್ಟುತ್ತಿದ್ದರು. ‘ಏನ್ರಿ, ಫ್ಯಾನ್ ನಿಂತದ’ — ಇಷ್ಟೇ ಅನ್ನಬೇಕಿತ್ತು. ಮಾತು ಬಾಯಿಗೆ ಬಂದಿತ್ತು. ಕೊಹಿನೂರಿನ ಆ ಹಿರಿಯರ ಮಾತು ನೆನಪಾಯಿತು, ನೀಲಿ ಪರದೆ ನೆನಪಾಯಿತು… ಹೋಗಲಿ, ಒಮ್ಮೆ ಹೋಗಿಬಿಡಲಿ, ಪೀಡೆ ತೊಲಗಲಿ ಎನಿಸಿತು. ಚಪ್ಪಲಿಯ ಸದ್ದು ಓಣಿಯ ತಿರುವು ದಾಟಿತು. ಇದ್ದುದರಲ್ಲೇ ದೊಡ್ಡ ಅಲ್ಬಮ್ ತೆರೆದು, ಎಲ್ಲ ಪುಟಗಳನ್ನೂ ಒಟ್ಟಿಗೆ ತಯಾರಿಸಲು ಹಚ್ಚಿ, ಎದ್ದು ಒಲೆಯ ಕಡೆ ಹೋದೆ.

ಚಹಾ ಕುದಿಯುವ ಮೊದಲೇ ಸುಟ್ಟ ವಾಸನೆ ಬಂತು.

ಓಡಿ ಬಂದು ಸ್ವಿಚ್ ಬಂದ್ ಮಾಡಿದೆ. ಆಮೇಲೆ ಮಾಡಿದ್ದೇ ನಿಜವಾದ ಪಾಪ. ತಲೆಯ ಪಿನ್ನು ತೆಗೆದು, ರೆಕ್ಕೆಗೆ ಸುತ್ತಿದ್ದ ದಾರವನ್ನು ಬಿಡಿಸಿ, ಎಸಳು ಆರಿಸಿ, ಬೆರಳಿನಿಂದ ಫ್ಯಾನ್ ತಿರುಗಿಸಿ ನೋಡಿದೆ. ಚೆನ್ನಾಗಿ ತಿರುಗಿತು. ದಾರವನ್ನು ಕಸಕ್ಕೆ ಎಸೆಯಲು ಹೋದ ಕೈ ನಿಂತಿತು — ಪೂಜೆಯ ಹೂವಿನ ದಾರ, ಕಸಕ್ಕೆ ಹಾಕಬಾರದು! ಗಂಡನ ಕಣ್ಣಿಗೆ ಮಣ್ಣೆರಚಲು ಅಡ್ಡಿಯಿಲ್ಲ, ದಾರ ಕಸಕ್ಕೆ ಹಾಕಲು ಮಾತ್ರ ದೇವರ ಭಯ. ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ. ಆಮೇಲೆ ನೀರಿಗೆ ಬಿಟ್ಟರಾಯಿತು ಎಂದು ದೇವರ ಜಗಲಿಯ ಮೇಲಿನ ಕುಂಕುಮದ ಬಟ್ಟಲಿನ ಕೆಳಗೆ ಅದನ್ನು ಇಟ್ಟೆ.

ಅವರು ಬಂದಾಗ ಕೈಯಲ್ಲಿ ಬನ್ನಿ ಎಲೆ ಇತ್ತು. ವಾಸನೆ ಮೂಗಿಗೆ ಬಡಿದು ಬಾಗಿಲಲ್ಲೇ ನಿಂತರು. ಬಂದು ಬಗ್ಗಿ, ಮುಟ್ಟಿ, ಮೂಸಿ ನೋಡಿದರು. ಬೈಯಲಿಲ್ಲ. ಒಂದೇ ಮಾತು ಕೇಳಿದರು.

“ಫ್ಯಾನ್ ತಿರಗಾಕತ್ತಿತ್ತೇನು? ನೋಡಿದ್ದಿ?”

“ತಿರಗಾಕತ್ತಿತ್ರಿ.”

ಅವರು ನನ್ನ ಮುಖವನ್ನೂ ನೋಡಲಿಲ್ಲ, ನಂಬಿಬಿಟ್ಟರು. “ಹಂಗಾರ ನಾನಽ ಸುಟ್ಟೆ. ಅತಿ ಆಸೆ ಮಾಡಿದೆ” ಎಂದರು. ಸ್ವಲ್ಪ ಹೊತ್ತಿನ ಮೇಲೆ ಕೈಯಲ್ಲಿದ್ದ ಎಲೆ ನೆನಪಾಗಿ, “ತಗೋ, ಬನ್ನಿ ತಗೊಂಡು ಬಂಗಾರದಂಗ ಇರೋಣ” ಎಂದು ಕೊಟ್ಟರು. ನಾನು ತೆಗೆದುಕೊಂಡೆ. ಅವರ ಕಾಲಿಗೂ ನಮಸ್ಕಾರ ಮಾಡಿದೆ.

ಹೇಳಲು ಇನ್ನೊಂದು ಅವಕಾಶ ಸಿಕ್ಕಿತ್ತು. ಹಬ್ಬ ಮುಗಿದ ಮೇಲೆ ಇಬ್ಬರೂ ಮಾಣಿಕನಗರಕ್ಕೆ ಹೋದೆವು. ಮಾಣಿಕಪ್ಪನವರು ಕರ್ರಗಾದ ಬೋರ್ಡನ್ನು ಬೆಳಕಿಗೆ ಹಿಡಿದು, “ಭಾಳ ಏರಿಸಿದ್ದೇನು ದೋಸ್ತಾ?” ಎಂದು ಕೇಳಿದರು. ಇವರು ತಲೆ ತಗ್ಗಿಸಿದರು. ಸಾಲಿಯಲ್ಲಿ ಮಾಸ್ತರರ ಮುಂದೆ ನಿಂತ ಹುಡುಗರು ತಗ್ಗಿಸುತ್ತಾರಲ್ಲ, ಹಾಗೆ. ಮಗ್ಗುಲಲ್ಲೇ ಕೂತ ನಾನು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆ ಗೊತ್ತೇ? ಹೊಸದಕ್ಕೆ ಯಾವ ಬಣ್ಣದ ಕ್ಯಾಬಿನೆಟ್ ಚೆಂದ ಎಂದು ಆರಿಸುತ್ತಿದ್ದೆ.

ಹೊಸದು ಬಂತು. ಹಳೆಯದರ ಹಾರ್ಡ್ ಡಿಸ್ಕ್ ಉಳಿದಿತ್ತು, ಒಂದು ಫೋಟೊ ಕೂಡ ಹೋಗಲಿಲ್ಲ. ಹ್ಯಾಂಗ್ ಇಲ್ಲ, ನೀಲಿ ಪರದೆ ಇಲ್ಲ, ಟೇಬಲ್ ಫ್ಯಾನಿನ ಗಾಳಿ ನನಗೆ. ಗೆದ್ದೆ ಎಂದುಕೊಂಡೆ. ಆದರೆ ಇವರು ಆ ಹೊಸದರ ಒಂದು ಸ್ಕ್ರೂ ಕೂಡ ಮುಟ್ಟಲಿಲ್ಲ. ಖಂಡೆ ಪೂಜೆಯ ದಿನ ಹೊರಗಿನಿಂದಲೇ ವಿಭೂತಿ ಹಚ್ಚಿ ಕೈ ಹಿಂದೆ ತೆಗೆದುಕೊಂಡುಬಿಡುತ್ತಿದ್ದರು. ಓಣಿಯವರು ಮಿಕ್ಸರ್ ತಂದರೆ, “ಬ್ಯಾಡ್ರಿ, ಅಂಗಡಿಗೆ ಒಯ್ರಿ. ನನ್ನ ಕೈಗುಣ ಹೋಗ್ಯಾದ” ಎನ್ನುವುದು ಶುರುವಾಯಿತು. ಮೊದಮೊದಲು ಚೇಷ್ಟೆಗೆ ಅನ್ನುತ್ತಾರೆ ಎಂದುಕೊಂಡಿದ್ದೆ. ಓಣಿಯವರು ಬರುವುದನ್ನೇ ಬಿಟ್ಟರು. ಗುನುಗು ನಿಂತಿತು. ಸ್ಕ್ರೂಡ್ರೈವರಿನ ಡಬ್ಬಿ ಅಟ್ಟ ಸೇರಿತು, ಸುಟ್ಟ ಕಂಪ್ಯೂಟರಿನ ಪಕ್ಕದಲ್ಲಿ.

ಈಗ ಆ ಹೊಸದೂ ಹಳೆಯದಾಗಿದೆ ನೋಡಿ. ಅಲ್ಬಮ್ ತೆರೆಯಲು ಮತ್ತೆ ಹೊತ್ತು ಹಿಡಿಯುತ್ತದೆ, ನನ್ನ ಬೆರಳಿಗೆ ಮತ್ತೆ ಸೇವ್ ಜಪ ಬಂದಿದೆ. “ಒಂದೀಟು ಬಿಚ್ಚಿ ಧೂಳರ ಝಾಡಸ್ರಿ” ಎಂದು ಬೇಡಿಕೊಂಡೆ. “ಮಾಣಿಕಪ್ಪಗ ಫೋನ್ ಹಚ್ಚು” ಎಂದರು. ಬಿಚ್ಚಬೇಡಿ ಬಿಚ್ಚಬೇಡಿ ಎಂದು ಯಾರ ಜೀವ ತಿಂದಿದ್ದೆನೋ, ಅವರನ್ನೇ ಬಿಚ್ಚಿರಿ ಎಂದು ಗೋಗರೆಯುವುದು — ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನೆ ಅಂದಿಲ್ಲ.

ಈ ದಸರೆಯ ಮುಂಜಾನೆ ಕುಂಕುಮದ ಬಟ್ಟಲು ಎತ್ತಿದೆ. ದಾರ ಅಲ್ಲೇ ಇತ್ತು. ಪ್ರತಿ ವರ್ಷ ನೀರಿಗೆ ಬಿಡಬೇಕೆಂದು ಹೊರಟು, ಪ್ರತಿ ವರ್ಷ ಮತ್ತೆ ಅಲ್ಲೇ ಇಟ್ಟದ್ದು. ಅದನ್ನು ಬನ್ನಿ ಎಲೆಯ ಜೊತೆ ಅವರ ಮುಂದೆ ಹಿಡಿದು, ಎಲ್ಲ ಹೇಳಿದೆ. ಫ್ಯಾನ್ ತಿರುಗುತ್ತಿರಲಿಲ್ಲ ಎಂದು. ನೋಡಿದ್ದೆ ಎಂದು. ನೋಡಿಯೇ ಎದ್ದು ಹೋದೆ ಎಂದು.

ಅವರು ದಾರವನ್ನು ಮಾತ್ರ ತೆಗೆದುಕೊಂಡರು. ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

“ಮಷೀನ್ ಹೋತು, ಹೋಗಲಿ. ನೀ ಹಟಾ ಮಾಡಿದ್ರ ಒಂದಿನ ನಾನಽ ಒಪ್ಪತಿದ್ದೆ. ಆದ್ರ ಇಷ್ಟ ವರ್ಷ ನನ್ನ ಕೈ ಮ್ಯಾಲ ನಾ ಸಿಟ್ಟಾಗಿ ಕುಂತಿದ್ದೆ — ನೀ ಅದನ್ನ ನೋಡಕೋತ ಕುಂತಿದ್ದಿ?”

ಹೌದ್ರಿ ಎಂದೆ. ಅವರು ಎಲ್ಲರಿಗೂ ಬನ್ನಿ ಕೊಡಲು ಹೋದರು. ನನಗೆ ಕೊಡಲಿಲ್ಲ. ನಾನು ಹಿಡಿದಿದ್ದ ಎಲೆಯನ್ನೂ ತೆಗೆದುಕೊಳ್ಳಲಿಲ್ಲ, ಅದನ್ನು ಕಂಪ್ಯೂಟರಿನ ಮೇಲೆ ಇಟ್ಟೆ.

ಅಂದಿನಿಂದ ಊಟಕ್ಕೆ ಕೂರುತ್ತಾರೆ, ಬೇಕಾದ್ದು ಬೇಡವಾದ್ದು ಹೇಳುತ್ತಾರೆ, ಅಷ್ಟೇ. ನಿನ್ನೆ ಎದುರು ಮನೆಯ ಅಜ್ಜಿ ಹೆದರುತ್ತ ಹೆದರುತ್ತ ಮಿಕ್ಸರ್ ಹಿಡಿದು ಬಂದಿದ್ದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ನಾನು ಕೈ ನಿಲ್ಲಿಸಿ ಕಿವಿಗೊಟ್ಟೆ.

“ಇಟ್ಟು ಹೋಗ್ರಿ ಆಯಿ, ನೋಡ್ತೀನಿ” ಎಂದರು.

ಆ ಮಾತು ಅಜ್ಜಿಗೆ. ನನಗೆ ಇನ್ನೂ ಏನೂ ಇಲ್ಲ, ಕೇಳುವ ಹಕ್ಕೂ ನನಗಿಲ್ಲ. ಬನ್ನಿ ಎಲೆ ಕಂಪ್ಯೂಟರಿನ ಮೇಲೆ ಒಣಗಿ ಮುದುಡಿದೆ, ಅಂಗಡಿಗೆ ಬಂದವರು ಇದೇನು ಎಂದು ಕೇಳುತ್ತಾರೆ. ಅದು ಅಲ್ಲೇ ಇರಲಿ. ಅವರ ಕಣ್ಣಿಗೆ ಬೀಳಬೇಕಾದದ್ದನ್ನು ಒಮ್ಮೆ ತೆಗೆದು ಬಚ್ಚಿಟ್ಟಿದ್ದೇ ಸಾಕು. ಇದನ್ನು ತೆಗೆದುಕೊಳ್ಳುವುದಾದರೆ ಅವರೇ ತೆಗೆದುಕೊಳ್ಳಲಿ, ನಾನು ಮುಟ್ಟುವುದಿಲ್ಲ.