ಅಂಗೈಗೆ ಕೇಳಿಸಿದ ಹಾಡು

ಮಗ್ಗಗಳ ಗದ್ದಲ ಮೇಸ್ತ್ರಿಯ ಕಿವಿಗಳನ್ನು ನುಂಗಿ ನೀರು ಕುಡಿದಿತ್ತು. ಕಾರ್ಖಾನೆಯಲ್ಲಿ ಕಲಿತ ತುಟಿ ಓದುವ ವಿದ್ಯೆಯಿಂದಾಗಿ ಹೆಂಡತಿಗೆ ಅದರ ಸುಳಿವೂ ಸಿಕ್ಕಿರಲಿಲ್ಲ.

ರೆಕಾರ್ಡ್ ಪ್ಲೇಯರ್ ಕೊಳ್ಳಲು ಹೋದಾಗ ಅವಳೆಂದಳು: "ಅಂದಚಂದ ನಾನು ನೋಡ್ಕೋತೀನಿ, ದನಿ ಹೇಗಿದೆ ಅಂತ ನೀವು ಹೇಳ್ರೀ."

ಅಂಗಡಿಯವನು ಮಧ್ಯಮ ಬೆಲೆಯ, ಮರದ ಮೈಯ ಒಂದರಲ್ಲಿ ಹಾಡು ಹಾಕಿದ. ಮೇಸ್ತ್ರಿಗೆ ಏನೂ ಕೇಳಿಸಲಿಲ್ಲ. ಮಗ್ಗದ ನಾಡಿ ಹಿಡಿಯುತ್ತಿದ್ದ ಅಭ್ಯಾಸಬಲದಿಂದ ಅದರ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿದ. ಒಳಗಿನ ನಡುಕ ಹಿತವಾಗಿತ್ತು, ತಲೆದೂಗಿದ.

"ಆಹಾ, ಏನು ದನಿ! ಇದೇ ಇರಲಿ ಕಣೇ."

ಕಣ್ಣು ತೆರೆದರೆ ಹೆಂಡತಿ ಅವನನ್ನೇ ದಿಟ್ಟಿಸುತ್ತಿದ್ದಳು. ಅಂಗೈ ಊರಿದ ರಭಸಕ್ಕೆ ಮುಳ್ಳು ಪಕ್ಕಕ್ಕೆ ಜಾರಿ, ಹಾಡು ನಿಂತು, ತಟ್ಟೆ ಬರಿದೇ ತಿರುಗುತ್ತಿತ್ತು.

ಅವಳು ಅತ್ತ ತಿರುಗಿ ಏನೋ ಹೇಳಿದಳು. ಅಂಗಡಿಯವನು ತಲೆ ತಗ್ಗಿಸಿದ. ಮೇಸ್ತ್ರಿಗೆ ಅವಳ ತುಟಿ ಕಾಣಲಿಲ್ಲ, ಕಂಡದ್ದು ಬೆನ್ನು ಮಾತ್ರ.